ಮಾವನ ಎರಡು ಕುಂಡ, ಮಧ್ಯಾಹ್ನದ ಬಿಸಿಲು

ನನ್ನ ಮಾವ ಸ್ತಿಪಾನ್ ತಮ್ಮ ಹಿತ್ತಲಿಗೆ ತಾವೇ ಕಾಂಕ್ರೀಟು ಹಾಕಿದವರು. ಬೇಲಿಯಿಂದ ಬೇಲಿಯವರೆಗೆ ಒಂದು ಹುಲ್ಲುಕಡ್ಡಿಗೂ ಜಾಗವಿಲ್ಲ. ಕ್ಯಾನ್‌ಬೆರಾದ ಅರ್ಧ ಕಾಲುದಾರಿಗಳು ತಮ್ಮ ಕೈಯಿಂದಲೇ ಆದವು ಎಂದು ಅವರು ಹೇಳಿಕೊಳ್ಳುತ್ತಾರೆ. ಅರ್ಧ ಎಂಬುದು ಸ್ವಲ್ಪ ಹೆಚ್ಚಾಯಿತು, ಆದರೆ ನಾನೂ ನನ್ನ ಹೆಂಡತಿಯೂ ಅವರೊಂದಿಗೇ ಇರುವ ಕಂಬಾ ಬಡಾವಣೆಯ ಈ ಬೀದಿಯ ಮಟ್ಟಿಗೆ ಅದು ನಿಜ. ಕ್ರೊಯೇಷಿಯಾದಿಂದ ಬಂದ ವಾರದಲ್ಲೇ ಕರಣೆ ಹಿಡಿದವರು ಮಂಡಿಯೂರಿ ಕೆಲಸ ಮಾಡುತ್ತಲೇ ಮುದುಕರಾದರು.

ಆ ಕೆಲಸ ಅವರ ಸೊಂಟವನ್ನು ತಿಂದುಹಾಕಿದೆ. ಹಗಲು ಹೇಗೋ ಕಳೆಯುತ್ತಾರೆ, ಮಲಗಿದರೆ ನೋವು ಎದ್ದು ಕೂರುತ್ತದೆ. ವೈದ್ಯರು ಬರೆದುಕೊಟ್ಟ ಮಾತ್ರೆ ನುಂಗಿದರೆ ನಿದ್ದೆ ಬರುತ್ತದೆ, ಆದರೆ ಆ ನಿದ್ದೆ ಮರುದಿನವೂ ತಲೆಯಿಂದ ಇಳಿಯುವುದಿಲ್ಲ. ಮಾತ್ರೆಯಲ್ಲೇ ಕಳೆದ ಒಂದು ಚಳಿಗಾಲದಲ್ಲಿ ಅವರು ಕಾಫಿಗೆ ಉಪ್ಪು ಹಾಕಿಕೊಂಡು ಕುಡಿದರು. ನೆಲದ ಮೇಲೆ ಚೆಂಡು ಉರುಳಿಸಿ ಗುರಿ ಸೇರಿಸುವ ಬೋಚೆ ಆಟದಲ್ಲಿ ಎದುರಾಳಿಗಳ ಚೆಂಡನ್ನು ತಮ್ಮದೆಂದುಕೊಂಡು ಸೊಗಸಾಗಿ ಉರುಳಿಸಿ ಅವರನ್ನೇ ಗೆಲ್ಲಿಸಿದರು. ಕಾಫಿಯ ವಿಷಯ ಮನೆಯೊಳಗೇ ಮುಗಿಯಿತು. ಬೋಚೆಯ ವಿಷಯವನ್ನು ಅವರ ಗೆಳೆಯರು ಇನ್ನೂ ಬಿಟ್ಟಿಲ್ಲ.

ಮಾತ್ರೆಯ ಬದಲು ನೋವಿಗೂ ನಿದ್ದೆಗೂ ಮಾವ ಆರಿಸಿಕೊಂಡ ಮದ್ದು ಗಾಂಜಾ. ನಮ್ಮೂರಿನ ಕಾನೂನಿನಂತೆ ವಯಸ್ಕನೊಬ್ಬ ತನ್ನ ಬಳಕೆಗೆ ಎರಡು ಗಾಂಜಾ ಗಿಡ ಬೆಳೆಸಿಕೊಳ್ಳಬಹುದು. ಬೆಳೆಸಬೇಕಾದದ್ದು ಸೂರ್ಯನ ಬೆಳಕಿನಲ್ಲೇ, ಒಳಗೆ ದೀಪ ಹಾಕಿ ಬೆಳೆಸುವಂತಿಲ್ಲ. ಕೊಳ್ಳುವಂತಿಲ್ಲ, ಮಾರುವಂತಿಲ್ಲ, ಪಕ್ಕದ ಮನೆಯವರು ಪ್ರೀತಿಯಿಂದ ಒಂದು ಹಿಡಿ ಕೊಟ್ಟರೂ ತಪ್ಪು. ಆದ್ದರಿಂದ ನಿಮ್ಮ ಎರಡು ಗಿಡ ಬಿಸಿಲಿಗೆ ಸುಟ್ಟುಹೋದರೆ ಮುಂದಿನ ವರ್ಷದ ಬೆಳೆಯವರೆಗೆ ನಿಮಗುಳಿದಿರುವುದು ಮಾತ್ರೆ ಮತ್ತು ಉಪ್ಪಿನ ಕಾಫಿ.

ಮೊದಲ ವರ್ಷ ಆದದ್ದು ಅದೇ. ಮಾವ ಅಡುಗೆಮನೆಯ ಕಿಟಕಿಯ ಬಳಿ ಸಸಿಗಳನ್ನು ಮಗುವಿನಂತೆ ಬೆಳೆಸಿ, ಕಪ್ಪು ಪ್ಲಾಸ್ಟಿಕ್ ಕುಂಡಕ್ಕೆ ಹಾಕಿ, ಇಲ್ಲಿ ಬೇಸಿಗೆಯಾದ ಡಿಸೆಂಬರಿನ ಒಂದು ದಿನ ನೇರ ಹೊರಗಿಟ್ಟರು. ಸಂಜೆಯ ಹೊತ್ತಿಗೆ ಎಲೆಗಳು ಹಪ್ಪಳವಾಗಿದ್ದವು.

ಈ ಸಲ ನನ್ನ ಹೆಂಡತಿ ನೆವೆಂಕಾ ಅಪ್ಪನಿಗೆ ಖಡಾಖಂಡಿತವಾಗಿ ಹೇಳಿದಳು. "ಅಪ್ಪಾ, ಪಕ್ಕದ ಮನೇಲಿ ಗಿಡಗಳ ಡಾಕ್ಟರನ್ನ ಇಟ್ಕೊಂಡು ನೀನು ಯಾಕೆ ಹೀಗೆ ಒದ್ದಾಡ್ತೀಯ? ಹೋಗಿ ಕೇಳು."

"ಕೇಳಿದ್ರೆ ಪಾಠ ಮಾಡ್ತಾಳೆ."

"ಮಾಡ್ಲಿ. ಕೂತು ಕೇಳು."

ಪಕ್ಕದ ಮನೆಯ ಮಾರ್ಜರಿ ಟಿಂಡಲ್ ಸಸ್ಯಶಾಸ್ತ್ರಜ್ಞೆ. ಎಲೆಗಳು ಬಿಸಿಲನ್ನು ಹೇಗೆ ತಡೆದುಕೊಳ್ಳುತ್ತವೆ ಎಂಬುದರ ಮೇಲೆಯೇ ಕೆಲಸ ಮಾಡಿ ನಿವೃತ್ತರಾದವರು. ನಾನು ಶಾಲೆಯಲ್ಲಿ ವಿಜ್ಞಾನ ಕಲಿಸುವವನಾದರೂ ಅವರ ಮುಂದೆ ಬಾಯಿ ಬಿಡುವ ಮೊದಲು ವಾಕ್ಯವನ್ನು ಮನಸ್ಸಿನಲ್ಲೇ ಒಮ್ಮೆ ತಿದ್ದಿಕೊಳ್ಳುತ್ತೇನೆ. ಮಾವ ಮಾತ್ರ ಅವರನ್ನು ಮೊದಲ ದಿನದಿಂದಲೂ ಡಾಕ್ಟ್ರಮ್ಮ ಎಂದೇ ಕರೆಯುತ್ತಾರೆ. ಆ ಹೆಸರಿನಲ್ಲಿ ಗೌರವ ಎಷ್ಟು, ಕೀಟಲೆ ಎಷ್ಟು ಎಂದು ನನಗೆ ಅಳೆಯಲು ಆಗಿಲ್ಲ.

ಮಾರ್ಜರಿ ಬಂದರು, ಹಿತ್ತಲನ್ನೆಲ್ಲ ಸುತ್ತಿದರು, ಆಕಾಶ ನೋಡಿದರು. ಅವರ ಸಲಹೆಯಲ್ಲಿ ತಪ್ಪು ಹುಡುಕುವಂಥದ್ದು ಏನೂ ಇರಲಿಲ್ಲ. ಕಪ್ಪು ಕುಂಡ ಬೇಡ, ಬೇರು ಬೇಯುತ್ತದೆ. ಸಸಿಗೆ ಬಿಸಿಲನ್ನು ಸ್ವಲ್ಪ ಸ್ವಲ್ಪವೇ ರೂಢಿ ಮಾಡಿಸಬೇಕು. ಮೊದಲು ಬರೀ ನೆರಳು, ಆಮೇಲೆ ಬೆಳಗಿನ ಒಂದಿಷ್ಟು ಹೊತ್ತು, ಹಾಗೆ ಹೆಚ್ಚಿಸುತ್ತ ಹೋಗಬೇಕು. ಮಣ್ಣಿನ ಮೇಲೆ ಒಣಹುಲ್ಲು ಹೊದಿಸಬೇಕು. ನೀರು ಹೊತ್ತು ಮೂಡುವ ಮುಂಚೆ, ಕುಂಡದ ತಳದಿಂದ ಸೋರುವಷ್ಟು. ಪಶ್ಚಿಮಕ್ಕೆ ನೆರಳಿನ ಬಲೆ ಕಟ್ಟಬೇಕು.

"ಪೂರ್ವಕ್ಕೆ?" ಎಂದು ನಾನು ಕೇಳಿದೆ.

"ಪೂರ್ವ ಬಿಟ್ಟುಬಿಡಿ. ಬೆಳಗಿನ ಬಿಸಿಲು ಹಾಲಿದ್ದ ಹಾಗೆ. ಅದನ್ನ ತಡೆದ್ರೆ ಹೂವೇ ಬರಲ್ಲ. ಮತ್ತೆ ಸ್ತಿಪಾನ್, ಕುಂಡಾನ ದಿನಾ ಬೆಳಿಗ್ಗೆ ಕಾಲು ಸುತ್ತು ತಿರುಗಿಸಿ. ಎಲ್ಲಾ ಕಡೆ ಸಮವಾಗಿ ಬೆಳೆಯುತ್ತೆ."

ಮಾವ ಬಿಳಿ ಸಿಮೆಂಟಿನಲ್ಲಿ ಎರಡು ದಪ್ಪ ಕುಂಡ ತಾವೇ ಎರಕ ಹೊಯ್ದರು. ಅವನ್ನು ಎತ್ತುವುದು ಅವರ ಸೊಂಟಕ್ಕೂ ಆಗದು, ನನ್ನದಕ್ಕೂ ಆಗದು. ಅದಕ್ಕೆ ತಿರುಗುವ ಹಲಗೆ ಮಾಡಿ ಕೂರಿಸಿದರು. ಹಿತ್ತಲಿನಲ್ಲಿ ಹೂ ಬಿಡುವಷ್ಟು ಬಿಸಿಲು ಬೀಳುವ ಜಾಗ ಒಂದೇ, ಮಧ್ಯದ್ದು; ಉಳಿದ ಕಡೆ ಕಾರಿನ ಚಪ್ಪರ ಅಥವಾ ನೀಲಗಿರಿ ಮರದ ನೆರಳು. ಕುಂಡಗಳು ಅಲ್ಲಿ ನೆಲೆಯಾದವು. ದಿನಾ ಬೆಳಿಗ್ಗೆ ಮಾವ ರೇಡಿಯೊದ ಸುದ್ದಿ ಕೇಳುತ್ತ ಅವನ್ನು ಕಾಲು ಸುತ್ತು ತಿರುಗಿಸುತ್ತಿದ್ದರು.

ಕ್ರಿಸ್ಮಸ್ ಹೊತ್ತಿಗೆ ಗಿಡಗಳು ಮಾವನ ಎದೆಮಟ್ಟಕ್ಕೆ ಬಂದಿದ್ದವು. ಅವರು ಅವುಗಳ ಪಕ್ಕ ನಿಂತು ಬೋಚೆ ಗೆಳೆಯರಿಗೆ ಫೋನು ಮಾಡಿ ಎತ್ತರ ವರದಿ ಮಾಡುತ್ತಿದ್ದರು. ಆ ಕಡೆಯವರು ಎತ್ತರ ಕೇಳಿ ಮುಗಿಸಿ, "ಹಾಗಾದ್ರೆ ಈ ಚಳಿಗಾಲ ನಮ್ಮ ಚೆಂಡು ನಮಗೇ ಬಿಡ್ತೀಯಾ?" ಎಂದು ಕೇಳುತ್ತಿದ್ದರು.

ಜನವರಿಯಲ್ಲಿ ಬೀದಿಯ ಅರ್ಧ ಜನ ಸಮುದ್ರ ತೀರಕ್ಕೆ ಹೋದರು. ಗಿಡಗಳು ಸುಡತೊಡಗಿದ್ದು ಆಗಲೇ.

ಮೊದಲು ಕೆಲವು ಎಲೆಗಳ ತುದಿ ಬಿಳಿಚಿಕೊಂಡಿತು, ಆಮೇಲೆ ಕಂದು ಬಣ್ಣಕ್ಕೆ ತಿರುಗಿತು, ಆಮೇಲೆ ಅಂಚು ಮೇಲಕ್ಕೆ ಮಡಚಿ ದೋಣಿಯಾಯಿತು. ವಾರದಲ್ಲಿ ಎರಡೂ ಗಿಡಗಳಿಗೆ ಎಲ್ಲ ಕಡೆಯಿಂದಲೂ ಯಾರೋ ಇಸ್ತ್ರಿಪೆಟ್ಟಿಗೆ ಒತ್ತಿದ ಹಾಗೆ ಕಾಣುತ್ತಿತ್ತು. ಮಾವ ಊಟದ ಮೇಜಿನಲ್ಲಿ ಮಾತು ಕಡಿಮೆ ಮಾಡಿದರು. ಮಾತ್ರೆಯ ಡಬ್ಬಿ ಕಪಾಟಿನ ಹಿಂದಿನಿಂದ ಮುಂದಕ್ಕೆ ಬಂದದ್ದನ್ನು ನೆವೆಂಕಾ ನೋಡಿದಳು, ನನಗೆ ಕಣ್ಣಿನಲ್ಲೇ ತೋರಿಸಿದಳು.

ಮಾರ್ಜರಿ ಭೂತಗನ್ನಡಿ ತಂದರು. "ಎಲ್ಲಾ ಕಡೆ ಒಂದೇ ಸಮ ಸುಟ್ಟಿದೆ. ಅಂದ್ರೆ ಬಿಸಿಲು ಒಂದು ದಿಕ್ಕಿಂದ ಬಂದಿಲ್ಲ. ಬಿಸಿ ಕೆಳಗಿಂದ ಬರ್ತಿದೆ." ಅವರು ಬಗ್ಗಿ ಅಂಗೈಯನ್ನು ನೆಲಕ್ಕಿಟ್ಟರು, ಕೂಡಲೇ ತೆಗೆದರು. "ಸ್ತಿಪಾನ್, ನಿಮ್ಮ ಕಾಂಕ್ರೀಟು ದೋಸೆ ಕಾವಲಿ ಥರ ಕಾದಿದೆ."

ಮಾವ ಬೂಟಿನಿಂದ ನೆಲವನ್ನು ಒಮ್ಮೆ ತಟ್ಟಿದರು. "ಡಾಕ್ಟ್ರಮ್ಮ, ಈ ಕಾಂಕ್ರೀಟು ನಮ್ಮ ನೆವೆಂಕಾ ಹುಟ್ಟೋಕೆ ಮುಂಚಿಂದ ಇಲ್ಲಿದೆ. ಇವತ್ತಿನವರೆಗೂ ಒಂದು ಇರುವೆಗೂ ತೊಂದರೆ ಕೊಟ್ಟಿಲ್ಲ."

"ಇರುವೆಗೆ ಕಾಲಿದೆ, ಓಡಿಹೋಗುತ್ತೆ. ಗಿಡಕ್ಕಿಲ್ಲ."

"ಬೀದಿಲಿ ಹೋಗಿ ನೋಡಿ, ಬೇರೆಯವರು ಹಾಕಿದ್ದು ಹೇಗೆ ಬಿರುಕು ಬಿಟ್ಟಿದೆ ಅಂತ. ಇದರಲ್ಲಿ ಒಂದು ಕೂದಲೆಳೆ ತೋರಿಸಿ."

"ಬಿರುಕಿನ ಮಾತಲ್ಲ ಇದು. ಕುಂಡದ ಸುತ್ತ ಬರೀ ಮಣ್ಣಿರಬೇಕು. ಅಷ್ಟು ಜಾಗ ಒಡೆಸಿ."

ಒಂದು ಕಡೆ ಚಳಿಗಾಲದ ನಿದ್ದೆ, ಇನ್ನೊಂದು ಕಡೆ ಜೀವಮಾನದ ಅತ್ಯುತ್ತಮ ಕೆಲಸ. ಎರಡು ದಿನ ಮಾವ ಬೆಳಿಗ್ಗೆ ಕುಂಡ ತಿರುಗಿಸಿ ಬಂದದ್ದು ಬಿಟ್ಟರೆ ಹಿತ್ತಲಿಗೆ ಇಳಿಯಲಿಲ್ಲ. ಮೂರನೆಯ ದಿನ ಒಡೆಯುವ ಯಂತ್ರವನ್ನು ಬಾಡಿಗೆಗೆ ತಂದು ನನ್ನ ಕೈಗೆ ಕೊಟ್ಟರು. "ಮೇಷ್ಟ್ರೇ, ನೀವೇ ಮಾಡಿ. ನನ್ನ ಕೈಯಲ್ಲಾಗಲ್ಲ." ಸೊಂಟದಿಂದಾಗಿ ಆಗುವುದಿಲ್ಲ ಎಂದು ನಾನು ಮೊದಲು ತಿಳಿದುಕೊಂಡೆ. ನಾನು ಯಂತ್ರ ಚಾಲೂ ಮಾಡಿದ ಕೂಡಲೇ ಅವರು ಒಳಗೆ ಹೋಗಿ ಅಡುಗೆಮನೆಯ ನಲ್ಲಿಯನ್ನು ಪೂರ್ತಿ ತಿರುಗಿಸಿ, ಸದ್ದು ಕೇಳದಂತೆ ಅದರ ಎದುರು ನಿಂತರು ಎಂದು ನೆವೆಂಕಾ ಆಮೇಲೆ ಹೇಳಿದಳು.

ಆ ಕಾಂಕ್ರೀಟು ಎಂಥದ್ದೆಂಬುದು ನನ್ನ ಭುಜಕ್ಕೆ ಗೊತ್ತು. ಊಟದ ಮೇಜಿನಷ್ಟು ಜಾಗ ಒಡೆಯಲು ಇಡೀ ಶನಿವಾರ ಬೇಕಾಯಿತು. ಕತ್ತಲಾಗುವ ಮುಂಚೆ ಮಾವ ಹೊರಗೆ ಬಂದು ಒಂದು ತುಂಡನ್ನು ಎತ್ತಿ, ಒಡೆದ ಅಂಚನ್ನು ಬೆರಳಿನಿಂದ ಸವರಿ, "ಜಲ್ಲಿ ಹೇಗೆ ಕೂತಿದೆ ನೋಡಿ," ಎಂದು ನನಗೆ ತೋರಿಸಿದರು.

ಮರುವಾರ ಗಿಡಗಳು ಇನ್ನೂ ಹೆಚ್ಚು ಸುಟ್ಟವು.

ಈಗ ಮಾರ್ಜರಿ ವಿಚಾರಣೆಗೆ ಇಳಿದರು. ಅವರಿಗೆ ತಮ್ಮ ಸಿದ್ಧಾಂತ ಸೋತದ್ದಕ್ಕಿಂತ ಮಾವ ಏನೋ ಮುಚ್ಚಿಡುತ್ತಿದ್ದಾರೆ ಎಂಬುದೇ ಹೆಚ್ಚು ಸಂಭವನೀಯವಾಗಿ ಕಂಡಿತ್ತು.

"ಗೊಬ್ಬರ ಹಾಕಿದ್ರಾ?"

"ಇಲ್ಲ."

"ಕೋಳಿ ಗೊಬ್ಬರ?"

"ಕೋಳಿನೇ ಇಲ್ಲ, ಗೊಬ್ಬರ ಎಲ್ಲಿಂದ ಬರಬೇಕು?"

"ಎಲೆ ಮೇಲೆ ಏನಾದ್ರೂ ಚಿಮುಕಿಸಿದ್ರಾ? ನಿಜ ಹೇಳಿ."

ಮಾವ ನೆಲ ನೋಡಿದರು. "ಕ್ರಿಸ್ಮಸ್ ದಿನ ಒಂದು ಚೂರು ರಾಕಿಯಾ. ಬೇರಿಗೆ. ಹಬ್ಬ ಅಂತ."

"ಸಾರಾಯಿನಾ?"

"ಪ್ಲಮ್ ಹಣ್ಣಿಂದು. ಮನೇಲಿ ಮಾಡಿದ್ದು. ಅದರಿಂದ ಇದುವರೆಗೆ ಯಾರೂ ಸತ್ತಿಲ್ಲ."

"ನಿಮಗೆ ಒಂದು ಎಲೆಯ ಬಗ್ಗೆನೂ ಗೊತ್ತಿಲ್ಲ."

"ನಿಮಗೆ ರಾಕಿಯಾ ಬಗ್ಗೆ ಗೊತ್ತಿಲ್ಲ. ಕಾಂಕ್ರೀಟ್ ಬಗ್ಗೆ ಅಂತೂ ಮೊದಲೇ ಗೊತ್ತಿರಲಿಲ್ಲ."

ನೆವೆಂಕಾ ಅಡುಗೆಮನೆಯಿಂದಲೇ, "ಅಪ್ಪಾ, ಒಳಗೆ ಬಾ," ಎಂದಳು. ಮಾವ ಒಳಗೆ ಬಂದರು. ಕಪಾಟಿನ ಬಾಗಿಲು ತೆರೆದು ಡಬ್ಬಿಯೊಳಗಿನ ಮಾತ್ರೆಗಳನ್ನು ಎಣಿಸದೆ ಸುಮ್ಮನೆ ಅಲುಗಾಡಿಸಿ ನೋಡಿ ಮತ್ತೆ ಇಟ್ಟರು.

ಮಾರ್ಜರಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ಬೇರೆ ಯಾರೇ ಆಗಿದ್ದರೂ ಅಲ್ಲಿಗೆ ಕೈ ತೊಳೆದುಕೊಳ್ಳುತ್ತಿದ್ದರು. ಅವರು ಮರುದಿನವೇ, ನಲವತ್ತೊಂದು ಡಿಗ್ರಿ ಎಂದು ಮುನ್ಸೂಚನೆ ಇದ್ದ ದಿನ, ಮಧ್ಯಾಹ್ನದ ಊಟ ಮುಗಿಸಿ ಮಡಚುವ ಕುರ್ಚಿ, ಉಷ್ಣಮಾಪಕ, ನೀರಿನ ಬಾಟಲಿ ಹಿಡಿದು ನಮ್ಮ ಹಿತ್ತಲಿಗೆ ಬಂದರು. "ಊಹೆ ಸಾಕು. ಇವತ್ತು ಸಂಜೆವರೆಗೂ ಕೂತು ನೋಡ್ತೀನಿ," ಎಂದರು.

ಎರಡು ಕುಂಡಗಳ ನಡುವೆ, ಒಡೆದ ಗುಂಡಿಯ ಅಂಚಿನಲ್ಲಿ ಕುರ್ಚಿ ಹಾಕಿಕೊಂಡು ಪಶ್ಚಿಮಕ್ಕೆ ಮುಖ ಮಾಡಿ ಕೂತರು. ಎದುರಿಗೆ ನೆರಳಿನ ಬಲೆ, ಅದರಾಚೆ ಬ್ರಿಂಡಬೆಲ್ಲಾ ಬೆಟ್ಟಸಾಲು, ಅದರ ಮೇಲೆ ಸೂರ್ಯ. ತಲೆಯ ಮೇಲೆ ಹುಲ್ಲಿನದರಂತೆ ಕಾಣುವ ಪ್ಲಾಸ್ಟಿಕ್ಕಿನ ಅಗಲ ಟೋಪಿ. ಶತ್ರು ಪಶ್ಚಿಮದಿಂದ ಬರುತ್ತಾನೆಂದು ಅವರಿಗೆ ಖಾತ್ರಿಯಿತ್ತು. ಅವನನ್ನು ಎದುರಿನಿಂದ ನೋಡುವುದೇ ಅವರ ಉದ್ದೇಶ. ಮಾವ ಮತ್ತು ನಾನು ಕಾರಿನ ಚಪ್ಪರದಡಿ ಬಿಯರು ಹಿಡಿದು ಕೂತೆವು. ಮಾವನೂ ಮಾರ್ಜರಿಯೂ ಮಾತು ಬಿಟ್ಟಿದ್ದರಿಂದ ನಾನು ನಡುವೆ ಕೂರಬೇಕಾಯಿತು.

"ಆಕೆಗೆ ನೀರು ಬೇಕಾ ಕೇಳಿ," ಎಂದರು ಮಾವ.

"ನನ್ನ ಹತ್ರ ಇದೆ ಅಂತ ಹೇಳಿ," ಎಂದರು ಮಾರ್ಜರಿ.

ಇಬ್ಬರಿಗೂ ಕೇಳಿಸಿತ್ತು. ಆದರೂ ನಾನು ಎರಡನ್ನೂ ತಲುಪಿಸಿದೆ.

ನಾಲ್ಕರ ಸುಮಾರಿಗೆ ಮಾವ ಮೂಗು ಎತ್ತಿದರು. "ನೆವೆಂಕಾ ಏನೋ ಒಲೆ ಮೇಲೆ ಇಟ್ಟು ಮರೆತಿದಾಳೆ."

ನಾನೂ ಮೂಸಿದೆ. ಅಡುಗೆಯ ವಾಸನೆಯಾಗಿರಲಿಲ್ಲ. ಶಾಲೆಯಲ್ಲಿ ಹುಡುಗರು ಬುನ್ಸನ್ ದೀಪಕ್ಕೆ ಪೆನ್ನಿನ ಮುಚ್ಚಳ ಹಿಡಿದಾಗ ಬರುವ ವಾಸನೆ ಅದು. ಹಿತ್ತಲನ್ನು ಕಣ್ಣಾಡಿಸಿ ನೋಡಿದರೆ ಮಾರ್ಜರಿಯ ಟೋಪಿಯ ಹಿಂಭಾಗದ ಅಂಚು ನಿಧಾನವಾಗಿ ಕೆಳಕ್ಕೆ ಇಳಿಯುತ್ತಿತ್ತು, ಬಿಸಿಯಾದ ಚಾಕೊಲೇಟಿನಂತೆ. ಅವರು ಉಷ್ಣಮಾಪಕ ನೋಡುತ್ತಿದ್ದರು.

"ಮಾರ್ಜರಿ, ನಿಮ್ಮ ಟೋಪಿ," ಎಂದೆ.

"ಟೋಪಿಗೇನು?"

"ಕರಗ್ತಾ ಇದೆ."

ಅವರು ಟೋಪಿ ತೆಗೆದು ನೋಡಿದರು, ಕತ್ತಿನ ಹಿಂಭಾಗ ಮುಟ್ಟಿಕೊಂಡರು, ನಿಧಾನವಾಗಿ ಹಿಂದಕ್ಕೆ ತಿರುಗಿದರು. ನಾವೂ ತಿರುಗಿದೆವು. ಪೂರ್ವದಲ್ಲಿ, ಬೇಲಿಯ ಆಚೆ, ಇಳಿಜಾರಿನ ಮೇಲ್ಬದಿಯ ಮನೆಯ ಮಹಡಿಯಲ್ಲಿ ಇನ್ನೊಂದು ಸೂರ್ಯ ಉರಿಯುತ್ತಿತ್ತು. ಅದರಿಂದ ಹೊರಟ ಬೆಳಕಿನ ಪಟ್ಟಿ ಬೇಲಿ ದಾಟಿ, ನೆಲದ ಮೇಲೆ ಹೊಳೆಯುತ್ತ, ಕುರ್ಚಿಯನ್ನು ಹಾದು, ಎಡಗಡೆಯ ಗಿಡದ ಬೆನ್ನ ಮೇಲೆ ಬಿದ್ದಿತ್ತು.

"ಆ ಕಿಟಕಿ ಯಾರದು?" ಎಂದರು ಮಾರ್ಜರಿ.

ಮಾವ ಬಿಯರನ್ನು ಕೆಳಗಿಟ್ಟು, ಬಹಳ ಮೃದುವಾಗಿ ಹೇಳಿದರು. "ನಿಮ್ಮದೇ, ಡಾಕ್ಟ್ರಮ್ಮ."

ಅದು ನಿಜ. ಹಿಂದಿನ ಚಳಿಗಾಲದಲ್ಲಿ ಮಾರ್ಜರಿ ಮಹಡಿಯ ಕೋಣೆಗೆ ಜೋಡಿಗಾಜಿನ ಕಿಟಕಿ ಹಾಕಿಸಿಕೊಂಡಿದ್ದರು. ಇಲ್ಲಿಯ ಚಳಿಗೆ ಅದು ಒಳ್ಳೆಯದೇ. ಅದರ ಹೊರಗಿರಬೇಕಾದ ನೊಣದ ಜಾಲರಿಯನ್ನು ಮಾತ್ರ ಬೆಟ್ಟ ಸ್ವಚ್ಛವಾಗಿ ಕಾಣಲೆಂದು ಮತ್ತೆ ಕೂರಿಸಿರಲಿಲ್ಲ. ಅಂಥ ಕಿಟಕಿಯ ಎರಡು ಗಾಜುಗಳ ನಡುವೆ ಮುಚ್ಚಿದ ಗಾಳಿ ಇರುತ್ತದೆ. ಒಳಗಿನ ಒತ್ತಡ ಹೊರಗಿನದಕ್ಕಿಂತ ತುಸು ಕಡಿಮೆಯಾದರೂ ಗಾಜು ಒಳಕ್ಕೆ ಬಾಗಿ, ಕ್ಷೌರದ ಕನ್ನಡಿಯಂತೆ ಬಿಸಿಲನ್ನು ಕೂಡಿಹಾಕಿ ಎಸೆಯುತ್ತದೆ. ಹೊತ್ತು ಇಳಿದಂತೆ ಆ ಪಟ್ಟಿ ನಮ್ಮ ಹಿತ್ತಲನ್ನು ನಿಧಾನವಾಗಿ ಗುಡಿಸುತ್ತ ಹೋಗುತ್ತಿತ್ತು. ಪಶ್ಚಿಮಕ್ಕೆ ಬಲೆ ಕಟ್ಟಿ ಪೂರ್ವವನ್ನು ತೆರೆದಿಟ್ಟಿದ್ದರಿಂದ ದಾರಿ ಸಲೀಸಾಗಿತ್ತು.

ಮಾರ್ಜರಿ ಕರಗಿದ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಲೆಕ್ಕ ಹಾಕುತ್ತಿದ್ದರು. ಮುಖದಲ್ಲಿ ನಾಚಿಕೆಗಿಂತ ಮೊದಲು ಬಂದದ್ದು ಕುತೂಹಲ. "ಆದರೆ ಒಂದೇ ಕಡೆ ಸುಡಬೇಕಿತ್ತಲ್ಲ. ಎಲ್ಲಾ ಕಡೆ ಯಾಕೆ..." ಎಂದವರು ಅಲ್ಲೇ ನಿಂತರು.

"ದಿನಾ ಕಾಲು ಸುತ್ತು," ಎಂದರು ಮಾವ. "ನೀವು ಹೇಳಿದ ಹಾಗೇ. ಒಂದು ದಿನಾನೂ ತಪ್ಪಿಸಿಲ್ಲ."

"ಅಂದ್ರೆ ಸಾಕ್ಷಿನೆಲ್ಲ ದಿನಾ ನಾನೇ ಅಳಿಸಿ ಹಾಕಿಸಿದೀನಿ."

"ಮೈ ಎಲ್ಲಾ ಸಮವಾಗಿ ಬೇಯಿಸಿದೀರಿ. ಹಬ್ಬದ ಕುರಿಮರೀನೂ ನಾವು ಹೀಗೇ ತಿರುಗಿಸೋದು."

ಮಾರ್ಜರಿ ಎದ್ದು ನೇರ ಮನೆಗೆ ಹೋದರು. ಸ್ವಲ್ಪ ಹೊತ್ತಿಗೆ ಮಹಡಿಯ ಕಿಟಕಿ ತೆರೆದುಕೊಂಡಿತು, ಗುಲಾಬಿ ಹೂಗಳ ದೊಡ್ಡ ಹಾಸಿಗೆ ಹೊದಿಕೆಯೊಂದು ಹೊರಗೆ ಇಳಿಬಿತ್ತು, ಆ ಎರಡನೆಯ ಸೂರ್ಯ ಆರಿತು. ಮತ್ತೆ ಬಂದಾಗ ಅವರ ಕೈಯಲ್ಲಿ ಏನೂ ಇರಲಿಲ್ಲ.

"ಸ್ತಿಪಾನ್, ನಾನು ನಿಮ್ಮ ಹತ್ರ ಕ್ಷಮೆ ಕೇಳಬೇಕು."

"ನನ್ನ ಹತ್ರ ಬೇಡ." ಮಾವ ಬೂಟಿನ ತುದಿಯಿಂದ ನೆಲ ತೋರಿಸಿದರು. "ಅದರ ಹತ್ರ."

"ಕಾಂಕ್ರೀಟಿನ ಹತ್ರನಾ?"

"ತಪ್ಪು ಹೊರಿಸಿದ್ದು ಅದರ ಮೇಲೆ ತಾನೇ?"

ಮಾರ್ಜರಿ ನನ್ನ ಕಡೆ ನೋಡಿದರು. ನಾನು ಬಿಯರ್ ಬಾಟಲಿಯ ಚೀಟಿ ಓದುತ್ತಿದ್ದೆ. ಅವರು ಗುಂಡಿಯ ಬಳಿ ಹೋಗಿ ನಿಂತು, ಕೈಗಳನ್ನು ಮುಂದೆ ಜೋಡಿಸಿಕೊಂಡು, ಗಂಟಲು ಸರಿಮಾಡಿಕೊಂಡರು. "ಈ ಕಾಂಕ್ರೀಟಿನ ಮೇಲೆ ನಾನು ಮಾಡಿದ ಆರೋಪಕ್ಕೆ ಆಧಾರ ಸಾಲದಾಗಿತ್ತು."

"ಇದು ಕ್ಷಮೆನಾ, ಮೇಷ್ಟ್ರೇ?" ಎಂದು ಮಾವ ನನ್ನನ್ನು ಕೇಳಿದರು.

"ವಿಜ್ಞಾನದೋರಲ್ಲಿ ಇದಕ್ಕಿಂತ ದೊಡ್ಡದಿಲ್ಲ ಮಾವ."

ಮಾವ ಒಳಗೆ ಹೋಗಿ ಮೂರು ಪುಟ್ಟ ಲೋಟ ಮತ್ತು ರಾಕಿಯಾ ಬಾಟಲಿ ತಂದರು. ಮಾರ್ಜರಿ ಒಂದೇ ಗುಟುಕಿಗೆ ಕುಡಿದು, ಕಣ್ಣಲ್ಲಿ ನೀರು ತಂದುಕೊಂಡು, ಗಿಡ ಇದನ್ನು ತಡೆದುಕೊಂಡಿದೆ ಎಂದ ಮೇಲೆ ಇನ್ನೇನನ್ನಾದರೂ ತಡೆದುಕೊಳ್ಳಬಹುದು ಎಂದರು.

ಆದರೆ ಅದು ಅಷ್ಟು ಖಾತ್ರಿಯ ಮಾತಾಗಿರಲಿಲ್ಲ. ಎಡಗಡೆಯ ಗಿಡದ ಮುಕ್ಕಾಲು ಭಾಗ ಹೋಗಿತ್ತು. ಬಲಗಡೆಯದು ಅರ್ಧ. ಸುಟ್ಟ ಎಲೆ ಮತ್ತೆ ಹಸಿರಾಗುವುದಿಲ್ಲ. ಹೊಸ ಚಿಗುರು ಬಂದರೆ ಬಂತು. ಮಾವ ಸುಟ್ಟದ್ದನ್ನೆಲ್ಲ ಕಿತ್ತುಹಾಕಲು ಹೊರಟರು. ಮಾರ್ಜರಿ ಬೇಲಿಯಾಚೆಯಿಂದಲೇ ತಡೆದರು.

"ಕೀಳಬೇಡಿ. ಹಸಿರಿರೋ ಅಷ್ಟು ಭಾಗ ಇನ್ನೂ ದುಡೀತಾ ಇದೆ."

"ಅರ್ಧ ಸತ್ತಿದೆ, ಡಾಕ್ಟ್ರಮ್ಮ."

"ನಿಮ್ಮ ಸೊಂಟಾನೂ ಹಾಗೇ ಇದೆ. ಯಾರಾದ್ರೂ ಕಿತ್ತುಹಾಕಿದ್ರಾ?"

ಮಾವ ಕತ್ತರಿಯನ್ನು ಜೇಬಿಗೆ ಹಾಕಿಕೊಂಡರು.

ಜಾಲರಿ ಮರಳಿ ಕಿಟಕಿಗೆ ಬಂತು. ಅದರ ಸಣ್ಣ ಎಳೆಗಳು ಬೆಳಕನ್ನು ಒಡೆದು ಚದುರಿಸಿದವು. ಬೆಟ್ಟ ಈಗ ಚೌಕುಳಿ ಹಾಳೆಯ ಮೇಲೆ ಬರೆದ ಹಾಗೆ ಕಾಣುತ್ತದೆ, ಬೇಕಾದರೆ ಎತ್ತರ ಅಳೆಯಬಹುದು ಎಂದು ಮಾರ್ಜರಿ ಹೇಳಿದರು. ಒಡೆದ ಗುಂಡಿಯನ್ನು ಮುಚ್ಚಿಸಿಕೊಡುತ್ತೇನೆ ಎಂದದ್ದಕ್ಕೆ ಮಾವ ಒಪ್ಪಲಿಲ್ಲ. ಹೊಸ ಕಾಂಕ್ರೀಟಿನ ಬಣ್ಣ ಹಳೆಯದಕ್ಕೆ ಸೇರುವುದಿಲ್ಲವಂತೆ. ಅಲ್ಲಿ ಪಾಲಕ್ಕಿನಂಥ ಬ್ಲಿತ್ವಾ ಸೊಪ್ಪು ಹಾಕಿದರು. ಆಲೂಗಡ್ಡೆಯೊಂದಿಗೆ ಬೇಯಿಸಿ ಎಣ್ಣೆ, ಬೆಳ್ಳುಳ್ಳಿ ಹಾಕಿದರೆ ಅದರಂಥ ಊಟವಿಲ್ಲ. ಸೊಪ್ಪು ಕೊಡುವುದಕ್ಕೆ ಯಾವ ಕಾನೂನಿನ ಅಡ್ಡಿಯೂ ಇಲ್ಲದ್ದರಿಂದ ಮಾರ್ಜರಿಗೂ ಒಂದು ಪಾಲು ಹೋಗುತ್ತಿತ್ತು.

ಫೆಬ್ರವರಿ ಪೂರ್ತಿ ಏನೂ ಆಗಲಿಲ್ಲ. ಅಥವಾ ಆದದ್ದು ಕಣ್ಣಿಗೆ ಕಾಣಲಿಲ್ಲ. ಎಡಗಡೆಯ ಗಿಡ ಸೊರಗಿ ನಿಂತೇಬಿಟ್ಟಿತು. ಬಲಗಡೆಯದು ಮಾರ್ಚಿನಲ್ಲಿ, ನಾವು ಆಸೆ ಬಿಡುವ ಹೊತ್ತಿಗೆ, ಸುಟ್ಟ ಎಲೆಗಳ ಕಂಕುಳಿನಿಂದ ಚಿಗುರಿ ತುದಿಗಳಲ್ಲಿ ಹೂ ಕಟ್ಟತೊಡಗಿತು. ಏಪ್ರಿಲ್ ಕೊನೆಗೆ ಮಾವ ಅದನ್ನು ಕೊಯ್ದು ಗ್ಯಾರೇಜಿನ ಕತ್ತಲೆಯಲ್ಲಿ ತಲೆಕೆಳಗಾಗಿ ನೇತುಹಾಕಿದರು. ಒಣಗಿದ ಮೇಲೆ ಜಾಡಿಗೆ ತುಂಬಿ, ಬೆಳಕಿಗೆ ಹಿಡಿದು ನೋಡಿ, "ಚಳಿಗಾಲಕ್ಕೆ ಸಾಕು. ವಸಂತಕ್ಕೆ ಸಾಲದು," ಎಂದರು. ಮಾತ್ರೆಯ ಡಬ್ಬಿಯನ್ನು ತಾವಾಗಿಯೇ ಕಪಾಟಿನ ಹಿಂದಕ್ಕೆ ತಳ್ಳಿದರು, ಎಸೆಯಲಿಲ್ಲ.

ಚಳಿ ಶುರುವಾದ ಮೇ ತಿಂಗಳ ಒಂದು ಭಾನುವಾರ ಬೆಳಿಗ್ಗೆ ಹೊರಗೆ ಕಾರಿನ ಹಾರನ್ ಒಮ್ಮೆ ಕೇಳಿಸಿತು. ಮಾವನ ಬೋಚೆ ಗೆಳೆಯರು ಎಂದಿನಂತೆ ಅವರನ್ನು ಕರೆದೊಯ್ಯಲು ಬಂದಿದ್ದರು. ಎಲ್ಲ ಭಾನುವಾರಗಳಲ್ಲೂ ಮಾವ ಅವರಿಗಿಂತ ಮೊದಲೇ ಕೋಟು ಹಾಕಿಕೊಂಡು ಗೇಟಿನ ಬಳಿ ನಿಂತಿರುತ್ತಿದ್ದರು. ನಿದ್ದೆ ಇಲ್ಲದವನಿಗೆ ಬೆಳಗಾಗುವುದು ಬೇಗ. ಆ ದಿನ ಗೇಟಿನ ಬಳಿ ಯಾರೂ ಇರಲಿಲ್ಲ. ನೆವೆಂಕಾ ರಾತ್ರಿಯುಡುಪಿನಲ್ಲೇ ಓಡಿಹೋದಳು. ನಾನು ಹಿಂದೆ ಹೋದೆ. ರಸ್ತೆಯಂಚಿನ ಹುಲ್ಲಿನ ಮೇಲೆ ಇಬ್ಬನಿ ಗಟ್ಟಿಯಾಗಿತ್ತು.

ಸ್ಟೀರಿಂಗ್ ಹಿಡಿದು ಕೂತಿದ್ದ ಮಿಯೊ ಮಾವನ ವಯಸ್ಸಿನವರು, ಅದೇ ಕೆಲಸ ಮಾಡಿದವರು. ಅವರು ಗಾಜು ಇಳಿಸಿದರು. "ಏನಮ್ಮ, ನಿಮ್ಮಪ್ಪಂಗೆ ಹುಷಾರಿಲ್ವಾ?"

"ಇಲ್ಲ ಮಿಯೊ ಮಾಮ, ಹುಷಾರಾಗೇ ಇದಾರೆ." ಅವಳು ದನಿ ತಗ್ಗಿಸಿದಳು. "ನಿದ್ದೆ ಮಾಡ್ತಿದಾರೆ. ಇನ್ನೂ ಎದ್ದಿಲ್ಲ."

"ಸ್ತಿಪಾನ್?"

"ಹೂಂ."

ಮಿಯೊ ಹಾರನ್ನಿನ ಮೇಲಿದ್ದ ಕೈಯನ್ನು ಬಿಸಿ ಪಾತ್ರೆ ಮುಟ್ಟಿದವರಂತೆ ತೆಗೆದರು. ಎಂಜಿನ್ ಆರಿಸಿದರು. ಹಿಂದಿನ ಸೀಟಿನಲ್ಲಿದ್ದ ಇಬ್ಬರಲ್ಲಿ ಒಬ್ಬರು ಅರ್ಧ ತೆರೆದಿದ್ದ ಬಾಗಿಲನ್ನು ಸದ್ದಾಗದಂತೆ ಎಳೆದುಕೊಂಡು ಹಿಡಿದೇ ಕೂತರು, ಪೂರ್ತಿ ಮುಚ್ಚಲಿಲ್ಲ. ಮಿಯೊ ಕೈಬ್ರೇಕು ಸಡಿಲಿಸಿದರು. ಕಾರು ಇಳಿಜಾರಿನಲ್ಲಿ ತನ್ನಷ್ಟಕ್ಕೆ ತಾನೇ ಜಾರತೊಡಗಿತು, ನಮ್ಮ ಮನೆ ದಾಟಿತು, ಮಾವ ಹಾಕಿದ ಕಾಲುದಾರಿಯ ಪಕ್ಕದಲ್ಲೇ ನಿಶ್ಶಬ್ದವಾಗಿ ಉರುಳುತ್ತ ಬೀದಿಯ ಕೊನೆಯ ತಿರುವಿನವರೆಗೂ ಹೋಯಿತು. ಅಲ್ಲಿ ಮರೆಯಾದ ಮೇಲೆ ಎಂಜಿನ್ ಹೊತ್ತಿಕೊಂಡ ಸದ್ದು ಬಂತು.